ಕಲ್ಲಿದ್ದಲು ಮತ್ತು ಒರತೆ: ಬ್ಲ್ಯಾಕ್ ಮೇಸಾದ ಚರಿತ್ರೆಯ ಒಂದು ಅವಲೋಕನ

ಅಮೆರಿಕೆಯ ಅರಿಜೋನಾ ರಾಜ್ಯದ ಈಶಾನ್ಯ ಭಾಗದಲ್ಲಿ ಬ್ಲ್ಯಾಕ್ ಮೇಸಾ ಎಂಬ ವಿಶಾಲವಾದ ಪ್ರಸ್ಥಭೂಮಿಯಿದೆ. ಮಳೆ ವಿರಳ. ಮಳೆ ಬಿದ್ದಾಗ ಉಕ್ಕಿ ಹರಿದು ಬಹುಬೇಗ ಬತ್ತುವ ಮೊಯೆನ್‌ಕೋಪಿ, ಡಿನೆಬಿಟೊ, ಒರೈಬಿ ಮೊದಲಾದ ಹಳ್ಳಗಳು ಅದನ್ನು ಕೊರೆದು ಕಮರಿಗಳನ್ನು ನಿರ್ಮಿಸಿ ನೈಋತ್ಯಕ್ಕೆ ಇಳಿಯುತ್ತವೆ. ದಕ್ಷಿಣದ ಅಂಚಿನಲ್ಲಿ ಹೋಪಿ ಜನರ ಊರುಗಳು. ಸುತ್ತಲೂ ಕುರಿಸಾಕಣೆಯ ನವಾಹೊ ಜನರ ನೆಲೆಗಳು. ಹೋಪಿಗಳು ಬಹುಮಟ್ಟಿಗೆ ಮರಳಿನಡಿ ಉಳಿದ ತೇವವನ್ನೇ ನಂಬಿ ಮೆಕ್ಕೆಜೋಳ ಬಿತ್ತಿದವರು. ಕುಡಿಯುವ ನೀರಿಗೆ ಬಂಡೆಯ ಬುಡದ ಒರತೆಗಳನ್ನು ಆಶ್ರಯಿಸಿದವರು. ಮೊಯೆನ್‌ಕೋಪಿ ಎಂದರೆ ಅವರ ನುಡಿಯಲ್ಲಿ ಹರಿಯುವ ನೀರಿನ ಸ್ಥಳ. ಸ್ಥಳನಾಮವನ್ನು ಆಕರವೆಂದು ಒಪ್ಪುವ ನಮ್ಮಂಥವರು ಇದನ್ನು ಲಘುವಾಗಿ ಕಾಣಲಾಗದು.

ಕಲ್ಲಿದ್ದಲ ಗಣಿ ಈ ನೆಲಕ್ಕೆ ಅನ್ಯವೆಂದು ಭಾವಿಸುವುದು ಮಾತ್ರ ಸರಿಯಲ್ಲ. ಸ್ಪೇನಿನವರು ಬರುವ ಮೊದಲೇ, ನಮ್ಮಲ್ಲಿ ವಿಜಯನಗರ ಅರಸರು ಆಳುತ್ತಿದ್ದ ಕಾಲದಲ್ಲಿ, ಜೆಡಿಟೊ ಕಣಿವೆಯ ಅವಾಟೋವಿ ಮೊದಲಾದ ಊರುಗಳ ಹೋಪಿಗಳು ಇದ್ದಲು ಅಗೆದು ಮಡಕೆ ಸುಡುವುದಕ್ಕೂ ಮನೆ ಬೆಚ್ಚಗಿಡುವುದಕ್ಕೂ ಬಳಸುತ್ತಿದ್ದರು. ಇದನ್ನು ಕುರಿತ ಜಾನ್ ಹ್ಯಾಕ್ ಅವರ ಅಧ್ಯಯನವನ್ನು 1942ರಲ್ಲಿ ಹಾರ್ವರ್ಡ್‌ನ ಪೀಬಡಿ ಮ್ಯೂಸಿಯಂ ಪ್ರಕಟಿಸಿತು. (ಮುಂದೆ ಇಲ್ಲಿಗೆ ಬಂದ ಗಣಿ ಕಂಪನಿಯ ಹೆಸರೂ ಪೀಬಡಿಯೇ. ಸಾಮ್ಯ ಆಕಸ್ಮಿಕ.) ಆ ಹಳೆಯ ಗಣಿಗಾರಿಕೆ ಅಂತರ್ಜಲವನ್ನು ಬೇಡಿರಲಿಲ್ಲ. 1964 ಮತ್ತು 1966ರ ಗುತ್ತಿಗೆಗಳು ಬೇಡಿದವು.

1970ರಲ್ಲಿ ಆರಂಭವಾದ ವ್ಯವಸ್ಥೆ ಹೀಗಿತ್ತು: ಇದ್ದಲನ್ನು ಪುಡಿಮಾಡಿ, ಸರಿಸುಮಾರು ಅಷ್ಟೇ ತೂಕದ ನೀರಿನಲ್ಲಿ ರಾಡಿಯಾಗಿ ಕಲಸಿ, ಕೊಳವೆಯಲ್ಲಿ 273 ಮೈಲಿ ದೂರದ ನೆವಾಡಾ ರಾಜ್ಯದ ಮೊಹಾವಿ ವಿದ್ಯುತ್ ಸ್ಥಾವರಕ್ಕೆ ಸಾಗಿಸುವುದು. ಆ ನೀರು ಕುಡಿಯಲು ಯೋಗ್ಯವಾದದ್ದು; ನವಾಹೊ ಮರಳುಗಲ್ಲಿನ ಆಳದ ಪದರದಲ್ಲಿ ಸಹಸ್ರಾರು ವರ್ಷಗಳಿಂದ ಸಂಗ್ರಹವಾದದ್ದು. ವರ್ಷಕ್ಕೆ ಸುಮಾರು 4000 ಎಕರೆ-ಅಡಿ, ಅಂದರೆ ಹತ್ತಿರಹತ್ತಿರ 490 ಕೋಟಿ ಲೀಟರ್. ಮೊದಲ ಕರಾರಿನಲ್ಲಿ ಎಕರೆ-ಅಡಿಗೆ ನಿಗದಿಯಾದ ಬೆಲೆ 1.67 ಡಾಲರ್! ಕರಾರಿನಲ್ಲಿ ಹೋಪಿ ಮಂಡಳಿಯ ಪರವಾಗಿದ್ದ ವಕೀಲ ಜಾನ್ ಬಾಯ್ಡನ್ ಅದೇ ಕಾಲದಲ್ಲಿ ಕಂಪನಿಗೂ ಕೆಲಸ ಮಾಡುತ್ತಿದ್ದನೆಂಬ ಆಪಾದನೆ ಹಿಂದಿನಿಂದಲೂ ಇತ್ತು. ಯೂಟಾ ವಿಶ್ವವಿದ್ಯಾಲಯದಲ್ಲಿದ್ದ ಬಾಯ್ಡನ್‌ನ ಕಾಗದಪತ್ರಗಳಿಂದಲೇ ಅದನ್ನು ದೃಢಪಡಿಸಿ ಚಾರ್ಲ್ಸ್ ವಿಲ್ಕಿನ್ಸನ್ 1996ರಲ್ಲಿ ಬರೆದರು.

ಒರತೆಗಳ ಪ್ರಶ್ನೆ ಇಷ್ಟು ಸುಲಭವಲ್ಲ. ಅಮೆರಿಕೆಯ ಭೂವಿಜ್ಞಾನ ಸರ್ವೇಕ್ಷಣೆಯು 1971ರಿಂದ ಬಾವಿ ಮತ್ತು ಒರತೆಗಳನ್ನು ಅಳೆಯುತ್ತ ಬಂದಿದೆ. ಆಳದ ಬಾವಿಗಳ ಮಟ್ಟ ಕುಸಿದದ್ದು ನಿರ್ವಿವಾದ. ಆದರೆ ಒರತೆಗಳಿರುವುದು ಪದರವು ಮೇಲಕ್ಕೆ ತೆರೆದುಕೊಳ್ಳುವ ಅಂಚಿನಲ್ಲಿ; ಕೆಲವಂತೂ ಬೇರೆಯೇ ಪದರದವು. ಬರಗಾಲವೂ ಊರುಗಳ ಸ್ವಂತ ಪಂಪುಗಳೂ ನೀರು ತಗ್ಗಿಸಬಲ್ಲವು. 1989ರ ಸರ್ಕಾರಿ ಮೌಲ್ಯಮಾಪನವು ಗಣಿಯಿಂದ ಗಣನೀಯ ಹಾನಿಯಿಲ್ಲವೆಂದಿತು. ಹೋಪಿ ಹಿರಿಯರು ಒರತೆಗಳು ಕ್ಷೀಣಿಸಿದವೆಂದರು. ಮೊದಲನೆಯದು ವಿಜ್ಞಾನ, ಎರಡನೆಯದು ಭಾವುಕತೆ ಎಂದು ವಿಂಗಡಿಸುವುದನ್ನು ನಾನು ಒಪ್ಪಲಾರೆ. ಅಳತೆ ಆರಂಭವಾದದ್ದೇ ಗಣಿಯ ಜೊತೆಜೊತೆಗೆ. ಅದಕ್ಕಿಂತ ಹಿಂದಿನ ಸ್ಥಿತಿಗೆ ಸಾಕ್ಷ್ಯ ಹೆಚ್ಚಾಗಿ ಇರುವುದು ಊರಿನವರ ನೆನಪಿನಲ್ಲಿ.

2005ರ ಕೊನೆಯ ದಿನ ಮೊಹಾವಿ ಸ್ಥಾವರ ನಿಂತಿತು, ರಾಡಿಯ ಕೊಳವೆಯೂ ನಿಂತಿತು. ಗಣಿ ಎತ್ತುವ ನೀರು ಮೂರರಲ್ಲೊಂದು ಪಾಲಿಗೆ ಇಳಿಯಿತು. ಕುಸಿದಿದ್ದ ಆಳದ ಬಾವಿಗಳಲ್ಲಿ ಮಟ್ಟ ಏರತೊಡಗಿತು. ನೆರೆಯ ಕಯೆಂಟಾ ಗಣಿ ವಿದ್ಯುತ್ ರೈಲಿನಲ್ಲಿ ಪೇಜ್ ಊರಿನ ಸ್ಥಾವರಕ್ಕೆ ಇದ್ದಲು ಕಳುಹಿಸುತ್ತಿತ್ತು. 2019ರಲ್ಲಿ ಅವೆರಡೂ ಮುಚ್ಚಿದವು. ಹೋಪಿ ಆಡಳಿತ ತನ್ನ ವರಮಾನದ ಬಹುಪಾಲನ್ನು ಕಳೆದುಕೊಂಡಿತು. ಮೇಸಾದ ಮೇಲಿನ ಅನೇಕ ನವಾಹೊ ಮನೆಗಳಿಗೆ ನಲ್ಲಿ ಬಂದಿಲ್ಲ. ಜನ ವಾಹನಗಳಲ್ಲಿ ಪೀಪಾಯಿ ಹೇರಿಕೊಂಡು ಹೋಗಿ ನೀರು ತರುತ್ತಾರೆ.