ನಮ್ಮೂರ ಸಮುದ್ರದ ಹೂಳು

ಮಂಗಳೂರಿನ ಧಕ್ಕೆಗೆ ನಾನು ಹೋಗಿದ್ದು ಮೀನು ತರೋದಕ್ಕಲ್ಲ, ಸುಮ್ಮನೆ ಬೋಟು ನೋಡೋದಕ್ಕೆ. ನಮ್ಮ ಕಡೆಯವರಿಗೆ ಬೋಟು ಅಂದ್ರೆ ಇವತ್ತಿಗೂ ಆಶ್ಚರ್ಯವೇ. ಒಂದಕ್ಕೊಂದು ಒತ್ತಿಕೊಂಡು ನಿಂತಿದ್ದ ಬೋಟುಗಳ ನಡುವೆ ಹಿರಿಯರೊಬ್ಬರು ಬಲೆ ಸರಿಮಾಡುತ್ತಾ ಕೂತಿದ್ದರು. "ಇವತ್ತು ಹೊರಡೋದಿಲ್ವಾ?" ಅಂದೆ.

"ನೀರು ಏರಬೇಕು ಮಾರಾಯ್ರೆ. ಅಳಿವೆಯಲ್ಲಿ ಹೂಳು ತುಂಬಿದೆ. ಇಳಿತದಲ್ಲಿ ಹೋದ್ರೆ ಅಡಿ ತಾಗ್ತದೆ" ಅಂದರು. ಊರು ಕೇಳಿದರು. ಬೇಲೂರು ತಾಲ್ಲೂಕು, ಮಾದಿಹಳ್ಳಿ ಅಂದೆ. "ಓ, ಹಾಗಾದ್ರೆ ನಿಮ್ಮ ಘಟ್ಟದ ಮಣ್ಣೇ ಇಲ್ಲಿ ಬಂದು ಕೂತದ್ದು!" ಅಂತ ನಕ್ಕರು.

ನಾನೂ ನಕ್ಕೆ. ಆದರೆ ಆರೋಪ ಅರ್ಧ ಸುಳ್ಳು. ಸಕಲೇಶಪುರದ ಕೆಂಪುಹೊಳೆ ಶಿರಾಡಿ ಇಳಿದು ನೇತ್ರಾವತಿ ಸೇರಿ ಮಂಗಳೂರಿಗೆ ಹೋಗುತ್ತೆ, ನಿಜ. ನಮ್ಮ ಯಗಚಿ ಮಾತ್ರ ಹೇಮಾವತಿ ಸೇರಿ, ಕಾವೇರಿ ಸೇರಿ ಪೂರ್ವಕ್ಕೆ ಹೋಗುವವಳು. ನಮ್ಮೂರ ಮಣ್ಣು ಅವರ ಅಳಿವೆಗೆ ಹೋಗೋದಿಲ್ಲ. ಬಹುಪಾಲು ಕಾವೇರಿಗೂ ಹೋಗೋದಿಲ್ಲ. ಅದು ನಮ್ಮ ಸಮುದ್ರಗಳಲ್ಲೇ ಕೂತಿದೆ.

ಸಮುದ್ರ ಅಂದಿದ್ದಕ್ಕೆ ನಗಬೇಡಿ. ನಮ್ಮ ಕಡೆ ಕೆರೆಗೆ ಹಾಗೇ ಹೆಸರಿಡ್ತಿದ್ದರು. ಹೊಯ್ಸಳರ ರಾಜಧಾನಿ ದೋರಸಮುದ್ರ, ಈಗಿನ ಹಳೇಬೀಡು, ಹೆಸರು ಪಡೆದದ್ದೇ ಕೆರೆಯಿಂದ. ಬೇಲೂರಿನಲ್ಲಿ ವಿಷ್ಣುಸಮುದ್ರ. ಅತ್ತ ಅರಸೀಕೆರೆ ಅಂದರೆ ಅರಸಿಯ ಕೆರೆ, ಅದೂ ಹೊಯ್ಸಳರ ಕಾಲದ ಹೆಸರೇ. ಕೆರೆಯ ಹೆಸರನ್ನೇ ಊರಿಗೆ ಇಟ್ಟುಕೊಂಡ ಜನ ನಾವು. ಹಳೇಬೀಡಿಗೆ ಬರುವ ಪ್ರವಾಸಿಗರು ಹೊಯ್ಸಳೇಶ್ವರ ನೋಡ್ತಾರೆ, ಪಕ್ಕದ ಕೆರೆ ಏರಿ ಮೇಲೆ ಫೋಟೋ ತೆಗೆಸಿಕೊಂಡು ಹೋಗ್ತಾರೆ. 2023ರ ಸೆಪ್ಟೆಂಬರಿನಲ್ಲಿ ದೇವಸ್ಥಾನಕ್ಕೆ ವಿಶ್ವ ಪರಂಪರೆಯ ಪಟ್ಟ ಸಿಕ್ಕಿತು. ಆ ದೇವಸ್ಥಾನ ಕಟ್ಟಿದವರಿಗೆ, ಕೆತ್ತಿದವರಿಗೆ, ಆನೆ ಕುದುರೆಗಳಿಗೆಲ್ಲ ನೀರು ಕೊಟ್ಟ ಕೆರೆಯ ಬಗ್ಗೆ ಯಾರೂ ಅಷ್ಟು ಮಾತಾಡೋದಿಲ್ಲ.

ಬೇಲೂರಿನಿಂದ ಪಶ್ಚಿಮಕ್ಕೆ ಹೋದರೆ ಮಲೆನಾಡು, ಕಾಫಿ ತೋಟ. ಪೂರ್ವಕ್ಕೆ ಹಳೇಬೀಡು, ಮಾದಿಹಳ್ಳಿ, ಜಾವಗಲ್ ಕಡೆ ಬಂದಂತೆ ಮೋಡ ಖಾಲಿಯಾಗುತ್ತಾ ಬರುತ್ತೆ. ರಾಗಿ, ಆಲೂಗಡ್ಡೆ, ತೆಂಗು. ಇಂಥ ಜಾಗದಲ್ಲಿ ರಾಜಧಾನಿ ಮಾಡಿದವರು ನೀರನ್ನು ಹಿಡಿದಿಡಲೇಬೇಕಿತ್ತು. ಯಗಚಿಯ ನೀರನ್ನು ರಣಘಟ್ಟದ ಒಡ್ಡಿನಿಂದ ಕಾಲುವೆಯಲ್ಲಿ ದೋರಸಮುದ್ರಕ್ಕೆ ತಿರುಗಿಸಿದ್ದರು ಅಂತ ನಮ್ಮ ಭಾಗದಲ್ಲಿ ಎಲ್ಲರೂ ಹೇಳ್ತಾರೆ. ಕಳೆದ ದಶಕದ ಕೊನೆಗೆ ನಮ್ಮ ಭಾಗದ ರೈತರು ಹೋರಾಟಕ್ಕೆ ಇಳಿದದ್ದು ಅದೇ ರಣಘಟ್ಟದ ಹೆಸರು ಹಿಡಿದು.

ನೀರು ತರೋದು ಒಂದು ಕೆಲಸವಾದರೆ, ನೀರಿನ ಜೊತೆ ಬರುವ ಮಣ್ಣನ್ನು ಹೊರಗೆ ಹಾಕೋದು ಇನ್ನೊಂದು. ಹಳಬರಿಗೆ ಇದು ಚೆನ್ನಾಗಿ ಗೊತ್ತಿತ್ತು. ಕೆರೆ ಕಟ್ಟಿದ್ದನ್ನು ಹೇಳುವ ಶಾಸನಗಳು ನಮ್ಮ ನಾಡಿನಲ್ಲಿ ಎಷ್ಟಿವೆಯೋ, ಕೆರೆ ನೋಡಿಕೊಳ್ಳಲು ಜಮೀನು ಬಿಟ್ಟದ್ದನ್ನು ಹೇಳುವವೂ ಬೇಕಾದಷ್ಟಿವೆ. ಬಿತ್ತುವಟ್ಟ, ಕಟ್ಟುಗೊಡಗೆ ಅನ್ನೋ ಪದಗಳನ್ನು ಓದಿರ್ತೀರಿ. ಕೆರೆಯ ಬಂಡಿಗೆ ಅಂತಲೇ ದತ್ತಿ ಬಿಟ್ಟದ್ದೂ ಉಂಟು. ಬಂಡಿ ಯಾಕೆ? ಮಣ್ಣು ಹೊರೋದಕ್ಕೆ. ಅಂದರೆ ಕೆರೆ ಕಟ್ಟಿಸಿದ ದಿನವೇ ಅದರಲ್ಲಿ ಹೂಳು ತುಂಬುತ್ತೆ ಅಂತ ಒಪ್ಪಿಕೊಂಡು, ಅದನ್ನು ತೆಗೆಯುವವನ ಹೊಟ್ಟೆಗೂ ಒಂದು ತುಂಡು ಗದ್ದೆ ಬರೆದಿಡುತ್ತಿದ್ದರು! ಉದ್ಘಾಟನೆಯ ದಿನ ಇದನ್ನು ಯೋಚಿಸುವವರನ್ನು ನಾನಂತೂ ನೋಡಿಲ್ಲ.

ಕಡಪ ಜಿಲ್ಲೆಯ ಪೋರುಮಾಮಿಳ್ಳದಲ್ಲಿ ವಿಜಯನಗರದ ರಾಜಕುಮಾರ ಭಾಸ್ಕರ 1369ರಲ್ಲಿ ಹಾಕಿಸಿದ ಶಾಸನ ಒಂದಿದೆ. ಕೆರೆಗೆ ಬೇಕಾದ ಹನ್ನೆರಡು ಅಂಗ, ಕೆರೆಗೆ ತಗಲುವ ಆರು ದೋಷ ಎಲ್ಲವನ್ನೂ ಪಟ್ಟಿ ಮಾಡಿದ್ದಾರೆ. ಸಾವಿರ ಆಳು, ನೂರು ಬಂಡಿ, ಎರಡು ವರ್ಷದ ಕೆಲಸ. ದೋಷಗಳಲ್ಲಿ ಒಂದು, ಕೆರೆಯ ಅಂಗಳದ ಮಧ್ಯೆ ಆಮೆ ಬೆನ್ನಿನ ಹಾಗೆ ದಿಬ್ಬ ಇರೋದು. ಅವರು ಹೇಳಿದ್ದು ಜಾಗ ಆರಿಸುವಾಗಿನ ದೋಷ. ಈಗಿನ ಬಹಳ ಕೆರೆಗಳಿಗೆ ಆ ದೋಷವನ್ನು ಹೂಳೇ ತಂದುಕೊಟ್ಟಿದೆ.

ನಮ್ಮ ಮನೆಯ ಕಥೆ ಹೇಳ್ತೀನಿ. ಯುಗಾದಿ ಕಳೆದು ಕೆರೆ ತಳ ಕಂಡ ಮೇಲೆ ತಾತ ಗಾಡಿಗೆ ಎತ್ತು ಹೂಡುತ್ತಿದ್ದರು. ಊರಿನ ಗಾಡಿಗಳೆಲ್ಲ ಅಂಗಳದಲ್ಲಿ ಸಾಲಾಗಿ ನಿಂತಿರುತ್ತಿದ್ದವು. ಇದಕ್ಕೆ 'ಗೋಡು ಹೊಡೆಯೋದು' ಅಂತಾರೆ. ಗೋಡು ಅಂದ್ರೆ ಕೆರೆಯ ಮಣ್ಣು, ಕಪ್ಪಗೆ, ನುಣ್ಣಗೆ, ಒಣಗಿದರೆ ಬಿಲ್ಲೆ ಬಿಲ್ಲೆಯಾಗಿ ಏಳುತ್ತೆ. ಮಳೆ ಬರೋದರೊಳಗೆ ಹೊಲಕ್ಕೆ ಹರಡಿಬಿಡಬೇಕು. ಗೋಡು ಬಿದ್ದ ಹೊಲದಲ್ಲಿ ಎರಡು ಮೂರು ವರ್ಷ ರಾಗಿ ಬೇರೆಯೇ ಅಂತ ತಾತ ಹೇಳೋರು. ಅವರಿಗೆ ಯಾರೂ 'ಕೆರೆ ಹೂಳೆತ್ತು' ಅಂತ ಹೇಳಿರಲಿಲ್ಲ. ಅವರು ಹೂಳೆತ್ತುತ್ತಲೂ ಇರಲಿಲ್ಲ, ಗೊಬ್ಬರ ತರುತ್ತಿದ್ದರು. ಕೆರೆ ಆಳವಾಗ್ತಿದ್ದದ್ದು ಅದರ ಪಕ್ಕದ ಲಾಭ.

ಯೂರಿಯಾ ಚೀಲ ಬಂತು. ಎತ್ತು ಹೋಗಿ ಟ್ರ್ಯಾಕ್ಟರ್ ಬಂತು. ಬೋರ್‌ವೆಲ್ ಬಂದ ಮೇಲೆ ಕೆರೆಯ ನೀರು ಕಾಯೋ ಅಗತ್ಯವೂ ಕಮ್ಮಿಯಾಯಿತು, ನೀರುಗಂಟಿಯ ಮಾತು ಕೇಳುವವರೂ ಕಮ್ಮಿಯಾದರು. ಯಾರೂ ಕೆಟ್ಟದ್ದು ಮಾಡಲಿಲ್ಲ ನೋಡಿ. ಗೋಡು ಬೇಡವಾಯಿತು ಅಷ್ಟೇ. ಬೇಡವಾದ ದಿನದಿಂದ ಅದರ ಹೆಸರೂ ಬದಲಾಯಿತು, ಗೋಡು ಹೋಗಿ ಹೂಳು ಆಯಿತು.

ಸರ್ಕಾರಗಳು ಸುಮ್ಮನಿದ್ದವು ಅಂತಲ್ಲ. ಮೈಸೂರು ಸಂಸ್ಥಾನದಲ್ಲಿ 1911ರಲ್ಲೇ ಕೆರೆ ಪಂಚಾಯ್ತಿಗಳಿಗೆ ಕಾನೂನು ಬಂತು. 2000ದ ಹೊತ್ತಿಗೆ ಜಲ ಸಂವರ್ಧನೆ ಯೋಜನಾ ಸಂಘ ಹುಟ್ಟಿತು, 2002ರಿಂದ ವಿಶ್ವಬ್ಯಾಂಕಿನ ಸಾಲದಲ್ಲಿ ಊರವರ ಸಂಘಗಳ ಕೈಲಿ ಕೆರೆ ಕೆಲಸ. 2014ರಲ್ಲಿ ಕೆರೆ ಸಂರಕ್ಷಣೆಗೆ ಪ್ರಾಧಿಕಾರದ ಕಾಯ್ದೆ. ಆದರೆ ಇಂಜಿನಿಯರುಗಳ ಹಳೇ ಲೆಕ್ಕ ಒಂದಿದೆ: ಹೂಳೆತ್ತುವುದಕ್ಕಿಂತ ಕೋಡಿ ಎತ್ತರಿಸಿ ಏರಿ ದಪ್ಪ ಮಾಡೋದು ಅಗ್ಗ. ಕಾಗದದ ಮೇಲೆ ಲೆಕ್ಕ ಸರಿ. ಮೇಲಿನ ಹೊಲದವನಿಗೆ ನೀರು ಮನೆ ಬಾಗಿಲಿಗೆ ಬಂದಾಗ ಗೊತ್ತಾಗುತ್ತೆ ಎಷ್ಟು ಅಗ್ಗ ಅಂತ.

ಒಂದು ವರ್ಷ ನಮ್ಮ ಪಕ್ಕದ ಕೆರೆಗೂ ಹೂಳೆತ್ತುವ ಕೆಲಸ ಬಂತು. ಜೆಸಿಬಿ ಬಂತು, ನಾನೂ ಹೋಗಿ ನಿಂತು ನೋಡಿದೆ. ರಸ್ತೆಗೆ ಹತ್ತಿರವಾಗಿದ್ದ ಕಡೆ ಬಗೆದು, ಮಣ್ಣನ್ನು ಅಲ್ಲೇ ಕೆರೆಯ ಅಂಚಿಗೆ ಗುಡ್ಡೆ ಹಾಕಿದರು. ನೀರು ಒಳಬರುವ ಕಡೆ, ಎಲ್ಲಿ ನಿಜವಾಗಿ ತುಂಬಿಕೊಂಡಿದೆಯೋ ಅಲ್ಲಿಗೆ ಯಂತ್ರ ಹೋಗಲೇ ಇಲ್ಲ. "ಗುಡ್ಡೆ ಇಲ್ಲೇ ಬಿಟ್ರೆ ಮಳೆಗೆ ವಾಪಸ್ ಹೋಗುತ್ತಲ್ಲಣ್ಣ?" ಅಂತ ಕೇಳಿದೆ. "ಸಾಗಾಟ ನಮ್ಮ ಎಸ್ಟಿಮೇಟಿನಲ್ಲಿಲ್ಲ" ಅಂದರು. ಮುಂಗಾರಿನ ಎರಡನೇ ಮಳೆಗೆ ವಾಪಸ್ ಹೋಯಿತು.

ಧಕ್ಕೆಯಲ್ಲಿ ಆ ಹಿರಿಯರು ಹೇಳಿದ್ದೂ ಹೆಚ್ಚು ಕಡಿಮೆ ಇದನ್ನೇ. ಅಲ್ಲಿನ ಚರಿತ್ರೆ ಬೇರೆ. ಒಂದು ಕಾಲಕ್ಕೆ ಘಟ್ಟದ ಕಾಫಿಯೆಲ್ಲ ಗಾಡಿಯಲ್ಲಿ ಇಳಿದು ಹಳೇ ಬಂದರಿಗೇ ಬರುತ್ತಿತ್ತು. 1865ರಲ್ಲಿ ಬಾಸೆಲ್ ಮಿಷನ್ನಿನವರು ಹಂಚಿನ ಕಾರ್ಖಾನೆ ಶುರುಮಾಡಿದ ಮೇಲೆ ಹಂಚೂ ಅಲ್ಲಿಂದಲೇ ಹಡಗು ಹತ್ತುತ್ತಿತ್ತು. ಪಣಂಬೂರಿನ ನವ ಮಂಗಳೂರು ಬಂದರು 1975ರ ಜನವರಿಯಲ್ಲಿ ಉದ್ಘಾಟನೆಯಾಯಿತು, ದೊಡ್ಡ ಹಡಗುಗಳು ಆ ಕಡೆ ತಿರುಗಿದವು. ದೊಡ್ಡ ಹಡಗು ಬರುವ ಬಂದರಿನಲ್ಲಿ ಡ್ರೆಜ್ಜಿಂಗ್ ಆಗಲೇಬೇಕು, ಹಡಗು ನಿಂತರೆ ಲಕ್ಷಗಟ್ಟಲೆ ನಷ್ಟ. ಇತ್ತ ಹಳೇ ಬಂದರಿನಲ್ಲಿ ಮೀನುಗಾರರ ಬೋಟು, ಲಕ್ಷದ್ವೀಪದ ಸರಕು. ಇವರು ನೀರು ಏರುವವರೆಗೆ ಕಾಯ್ತಾರೆ. ಕಾಯೋದಕ್ಕೆ ಯಾರೂ ಬಿಲ್ ಬರೆಯೋದಿಲ್ಲ.

ಅವರ ಹೂಳು ಉಪ್ಪಿನದು, ಹೊಲಕ್ಕೆ ಹಾಕುವ ಹಾಗಿಲ್ಲ. ಆ ವಿಷಯದಲ್ಲಿ ನಾವು ಪುಣ್ಯವಂತರು.

ಹೋದ ಬೇಸಿಗೆಯಲ್ಲಿ ಊರಿಗೆ ಹೋದಾಗ ಚಿಕ್ಕಪ್ಪನ ತೆಂಗಿನ ತೋಟದಲ್ಲಿ ಕಪ್ಪು ಮಣ್ಣಿನ ಗುಡ್ಡೆಗಳಿದ್ದವು. ಗೊಬ್ಬರದ ರೇಟು ನೋಡಿ, ಬಾಡಿಗೆ ಟ್ರ್ಯಾಕ್ಟರಿನಲ್ಲಿ ಇಪ್ಪತ್ತು ಲೋಡು ಹೊಡೆಸಿದ್ದರು. "ಎಲ್ಲಿಂದ ಚಿಕ್ಕಪ್ಪ, ರಸ್ತೆ ಪಕ್ಕದ್ದಾ?" ಅಂದೆ.

"ಅದ್ಯಾಕೋ, ಅದು ಬರೀ ಮರಳು. ಹಳ್ಳ ಸೇರೋ ಕಡೆಯಿಂದ ಮುಂದಕ್ಕೆ ಹೋಗಿ, ತೂಬಿನ ಹತ್ತಿರದ್ದು ತಂದಿದೀನಿ. ನಿಮ್ಮ ತಾತ ಅಲ್ಲಿಂದಲೇ ತರ್ತಿದ್ದಿದ್ದು" ಅಂದರು.