ಹದಿಹರೆಯದವರ ಆಹಾರ ಪ್ರಶ್ನಾವಳಿ: ಸಿಂಧುತ್ವದ ಅಳತೆಗೋಲಿನ ಮರುಪರಿಶೀಲನೆ

ಹದಿಹರೆಯದವರು ಏನು ತಿನ್ನುತ್ತಾರೆಂದು ದೊಡ್ಡ ಪ್ರಮಾಣದಲ್ಲಿ ತಿಳಿಯಲು ಆಹಾರ ಆವರ್ತನ ಪ್ರಶ್ನಾವಳಿಯೇ ಅಗ್ಗದ ಸಾಧನ ಎಂಬುದರಲ್ಲಿ ವಿದ್ವಾಂಸರಿಗೆ ಭಿನ್ನಾಭಿಪ್ರಾಯವಿಲ್ಲ. ಈ ಬಗೆಯ ಪ್ರಶ್ನಾವಳಿಯನ್ನು ವಾಲ್ಟರ್ ವಿಲೆಟ್ ಮತ್ತು ಸಂಗಡಿಗರು 1985ರಲ್ಲಿ ಅಮೆರಿಕದ ದಾದಿಯರಲ್ಲಿ ಪರೀಕ್ಷಿಸಿದರು. ರಾಕೆಟ್ ಮತ್ತಿತರರು ಅದನ್ನು ಎಳೆಯರಿಗೆ ಒಗ್ಗಿಸಿದರು. ರಾಕೆಟ್ ಅವರ 1997ರ ಪರೀಕ್ಷೆಯಲ್ಲಿ 9ರಿಂದ 18 ವರ್ಷದ 261 ಮಂದಿ ಪ್ರಶ್ನಾವಳಿ ತುಂಬಿದ್ದಲ್ಲದೆ, ಹಿಂದಿನ 24 ಗಂಟೆಗಳಲ್ಲಿ ತಿಂದದ್ದನ್ನು ಮೂರು ಬಾರಿ ನೆನಪಿಸಿಕೊಂಡು ಹೇಳಿದರು. ದಿನದಿಂದ ದಿನಕ್ಕಾಗುವ ಏರಿಳಿತವನ್ನು ಲೆಕ್ಕಕ್ಕೆ ಹಿಡಿದು ತಿದ್ದಿದಾಗ ಸರಾಸರಿ ಸಹಸಂಬಂಧ 0.54 ಬಂತು.

ಈ ಅಂಕಿಯನ್ನು ಸಿಂಧುತ್ವದ ಪುರಾವೆಯೆಂದು ಒಪ್ಪುವುದು ಕಷ್ಟ. ಸಹಸಂಬಂಧವೆಂದರೆ ಹೊಂದಿಕೆಯಲ್ಲ ಎಂದು ಬ್ಲಾಂಡ್ ಮತ್ತು ಆಲ್ಟ್‌ಮನ್ 1986ರಲ್ಲೇ ತೋರಿಸಿದ್ದಾರೆ. ಆದರೆ ಅವರ ವಿಧಾನಕ್ಕೆ ಬದಲಾಯಿಸಿಕೊಂಡರೂ ಇಲ್ಲಿನ ತೊಡಕು ಬಿಡದು. ಸಂಜೆ ಗೆಳೆಯರೊಡನೆ ತಿಂದ ಚಿಪ್ಸನ್ನು ಹುಡುಗನೊಬ್ಬ ಪ್ರಶ್ನಾವಳಿಯಲ್ಲೂ ಬಿಟ್ಟ, ಸಂದರ್ಶಕರೆದುರೂ ಬಿಟ್ಟ ಎನ್ನೋಣ. ಎರಡು ಹೇಳಿಕೆಗಳೂ ತಾಳೆಯಾಗುತ್ತವೆ, ಎರಡೂ ತಪ್ಪು.

ಪ್ರಶ್ನಾವಳಿಯ ಕೆಲಸ ಖಚಿತ ಪ್ರಮಾಣ ಹೇಳುವುದಲ್ಲ, ಹೆಚ್ಚು ತಿನ್ನುವವರನ್ನೂ ಕಡಿಮೆ ತಿನ್ನುವವರನ್ನೂ ಸಾಲಾಗಿ ನಿಲ್ಲಿಸುವುದು ಎಂಬುದು ರೂಢಿಯ ಸಮರ್ಥನೆ. ಎಲ್ಲರೂ ಒಂದೇ ಪ್ರಮಾಣದಲ್ಲಿ ಕಡಿಮೆ ಹೇಳಿದರೆ ಮಾತ್ರ ಅದು ನಿಲ್ಲುತ್ತದೆ. ಬಂಡಿನಿ ಮತ್ತು ಸಂಗಡಿಗರು 1990ರಲ್ಲಿ 12ರಿಂದ 18 ವರ್ಷದವರಿಗೆ ಡ್ಯೂಟೀರಿಯಂ ಮತ್ತು ಆಮ್ಲಜನಕ-18 ಬೆರೆತ ನೀರು ಕುಡಿಸಿ, ದೇಹ ವ್ಯಯಿಸಿದ ಶಕ್ತಿಯನ್ನು ಅಳೆದು, ಎರಡು ವಾರಗಳ ಆಹಾರ ದಿನಚರಿಯೊಡನೆ ಹೋಲಿಸಿದರು. ಬೊಜ್ಜಿಲ್ಲದವರು ಬರೆದದ್ದು ವ್ಯಯದ ಶೇ. 80.6, ಬೊಜ್ಜಿರುವವರು ಬರೆದದ್ದು ಶೇ. 58.7 ಮಾತ್ರ. ಈ ಸರಾಸರಿಗಳನ್ನೇ ಹಿಡಿದರೆ, 2,500 ಕಿಲೋಕ್ಯಾಲರಿ ವ್ಯಯಿಸುವ ಬೊಜ್ಜಿಲ್ಲದ ಹುಡುಗಿಯ ದಿನಚರಿಯಲ್ಲಿ 2,015 ಇರುತ್ತದೆ. 3,400 ವ್ಯಯಿಸುವ ಬೊಜ್ಜಿರುವ ಹುಡುಗನ ದಿನಚರಿಯಲ್ಲಿ 1,996. ಸಾಲು ತಲೆಕೆಳಗಾಯಿತು.

ಹಾಗಾಗಿ 0.54ರ ಒಂದಷ್ಟು ಪಾಲು ಹಂಚಿಕೊಂಡ ತಪ್ಪಿನ ಫಲವಾಗಿರಬಹುದು ಎಂಬುದು ನನ್ನ ವಾದ. ಎಷ್ಟು ಪಾಲು ಎಂದು ಹೇಳಲು ಈ ಆಧಾರಗಳು ಸಾಲವು. ಬಂಡಿನಿಯವರದು ದಿನಚರಿ, ಪ್ರಶ್ನಾವಳಿಯಲ್ಲ. ಅಳೆದದ್ದು ಶಕ್ತಿಯನ್ನು, ಕಬ್ಬಿಣಾಂಶವನ್ನಲ್ಲ. ಎಲ್ಲ ತಿನಿಸುಗಳನ್ನೂ ಒಂದೇ ಅನುಪಾತದಲ್ಲಿ ಕಡಿಮೆ ಹೇಳಿದ್ದರೆ, ಒಟ್ಟು ಶಕ್ತಿಗೆ ಹೊಂದಿಸಿ ಲೆಕ್ಕಹಾಕಿದಾಗ ದೋಷ ಬಹುಮಟ್ಟಿಗೆ ಕಳೆಯುತ್ತದೆ. ಸಿಹಿ, ಕುರುಕಲನ್ನಷ್ಟೇ ಮರೆಮಾಚಿದ್ದರೆ ಕಳೆಯದು. ಪ್ರಶ್ನಾವಳಿ ಮತ್ತು ಸ್ಮರಣೆಗಳ ದೋಷಗಳು ಒಂದಕ್ಕೊಂದು ತಳಕು ಹಾಕಿಕೊಂಡಿರುವುದನ್ನು ಕಿಪ್ನಿಸ್ ಮತ್ತಿತರರು 2003ರಲ್ಲಿ ತೋರಿಸಿದರಾದರೂ, ಅವರ ಅಧ್ಯಯನದಲ್ಲಿದ್ದವರು 40ರಿಂದ 69 ವರ್ಷದವರು.

ಕನ್ನಡದ ಶಾಲಾಮಕ್ಕಳಿಗೆ ಇಂಥ ಪ್ರಶ್ನಾವಳಿ ರೂಪಿಸುವವರು ಪಟ್ಟಿಗೆ ಮುದ್ದೆ, ಚಿತ್ರಾನ್ನ ಸೇರಿಸಿದರೆ ಸಾಲದು. ಮಕ್ಕಳ ಒಂದು ಸಣ್ಣ ಗುಂಪಿನಲ್ಲಾದರೂ ಅವರ ಮಾತನ್ನು ಅವಲಂಬಿಸದ ಅಳತೆಯೊಂದು, ಕನಿಷ್ಠ ಮೂತ್ರದ ಸಾರಜನಕದ ಪರೀಕ್ಷೆ, ಜೊತೆಗಿರಬೇಕು. ಯಾವ ಪೋಷಕಾಂಶದಲ್ಲಿ ದೋಷ ಎಷ್ಟೆಂಬ ಪ್ರಶ್ನೆ ಅಲ್ಲಿಯವರೆಗೆ ಇತ್ಯರ್ಥವಾಗದು.