ಬಿಳಿ ಬೆಣ್ಣೆ, ಹಳದಿ ಬೆಣ್ಣೆ

ರಜೆಗೆಂದು ಸುಳ್ಳಕ್ಕೆ ಬಂದ ನನ್ನ ಮಗಳು ರೊಟ್ಟಿಯ ಮೇಲಿನ ಬೆಣ್ಣೆ ಕಂಡು, “ಆಯಿ, ಬೆಣ್ಣಿ ಹಳದಿ ಇರ್ತೈತಲ್ಲ?” ಎಂದಳು. ಅವ್ವ ನಕ್ಕಳು, ನನಗೆ ನಗು ಬರಲಿಲ್ಲ.

ಆ ಹಳದಿ ಯುರೋಪಿನ ಹಸುವಿನದು. ಹಸಿರು ಹುಲ್ಲಿನ ಕ್ಯಾರೋಟಿನ್ ಹಸುವಿನ ಬೆಣ್ಣೆಯಲ್ಲಿ ಉಳಿಯುತ್ತದೆ. ಎಮ್ಮೆಯಾದರೋ ಅದನ್ನು ‘ಎ’ ಜೀವಸತ್ವವಾಗಿ ಮಾರ್ಪಡಿಸಿಬಿಡುತ್ತದೆ. ಆದುದರಿಂದ ನಮ್ಮ ಎಮ್ಮೆಯ ಬೆಣ್ಣೆ ಬಿಳಿ.

ರುಚಿಯಲ್ಲಿ ಯುರೋಪಿನಲ್ಲೇ ಎರಡು ಮತಗಳುಂಟು. ಇಂಗ್ಲೆಂಡಿನವರಿಗೆ ಸಿಹಿಕೆನೆಯ ಉಪ್ಪುಬೆಣ್ಣೆ ಮೆಚ್ಚು. ಫ್ರಾನ್ಸ್, ಡೆನ್ಮಾರ್ಕುಗಳಲ್ಲಿ ಕೆನೆಯನ್ನು ಹುಳಿಗೊಳಿಸಿ ಕಡೆಯುವುದು ವಾಡಿಕೆ. 1890ರಲ್ಲಿ ಡೆನ್ಮಾರ್ಕಿನ ವಿಜ್ಞಾನಿ ಸ್ಟೋರ್ಕ್ ಇದಕ್ಕೆ ಶುದ್ಧ ಹೆಪ್ಪನ್ನೇ ಸಿದ್ಧಪಡಿಸಿದನು. ಹಾಲಿಗೆ ಹೆಪ್ಪು ಹಾಕಿ ಮೊಸರು ಕಡೆಯುವ ನಮ್ಮವ್ವ ಈ ಎರಡನೆಯ ಮತದವಳೇ!

ಮುಂಬಯಿಗೆ ಹುಳಿಕೆನೆಯ, ಉಪ್ಪಿನ ಪೋಲ್ಸನ್ ಬೆಣ್ಣೆಯ ರುಚಿ ಹತ್ತಿತ್ತು. 1950ರ ದಶಕದಲ್ಲಿ ಗುಜರಾತದ ಆಣಂದಿನ ಅಮುಲ್ ಎಮ್ಮೆಹಾಲಿನ ತಾಜಾ ಕೆನೆಯಿಂದ ಬೆಣ್ಣೆ ತೆಗೆದಾಗ, ಜನ ಸಪ್ಪೆಯೆಂದರು. ಉಪ್ಪು, ಬಣ್ಣ ಸೇರಿದ ಬಳಿಕವೇ ಒಲಿದರು.

ಮುಂಬಯಿಯೇ ಬಣ್ಣಕ್ಕೆ ಮರುಳಾದ ಮೇಲೆ ಮಗುವನ್ನೇಕೆ ದೂರಲಿ? ಅವ್ವನ ಕಡಗೋಲು ಮೂಲೆ ಸೇರುವ ಮುನ್ನ ಅವಳ ನಾಲಗೆಗೆ ಆ ಬಿಳಿಯ ರುಚಿ ಹತ್ತಿದರೆ ಸಾಕು.